ಮುಚ್ಚಳದಲ್ಲಿ ದೀಪವಿಲ್ಲದ ಸ್ಕ್ಯಾನರ್

ನೀಲಮ್ಮಕ್ಕಾ, ಆ ಸ್ಕ್ಯಾನರನ್ನು ನಾನು ಬೇಕೆಂದೇ ತಪ್ಪಾಗಿ ಆರಿಸಿಕೊಟ್ಟೆ. ಮಕ್ತಲ್‌ನಲ್ಲಿ ಮೂವತ್ತು ವರ್ಷ ಫೋಟೊ ಸ್ಟುಡಿಯೊ ನಡೆಸಿದವನಿಗೆ ಯಾವ ಯಂತ್ರ ಏನು ಮಾಡುತ್ತದೆ ಅಂತ ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿದ್ದೇ ಮಾಡಿದೆ — ನಿಮ್ಮ ಕಣ್ಣೆದುರಿಗೇ.

ಹೊಸ ರಾಜ್ಯ ಬಂದ ವರ್ಷ ಅದು. ನಾರಾಯಣಪೇಟೆಯ ಅಂಗಡಿಗಳ ಬೋರ್ಡಿನಲ್ಲಿ ಹಳೆಯ ರಾಜ್ಯದ ಹೆಸರು ಅಳಿಸಿ ತೆಲಂಗಾಣ ಎಂದು ಬರೆಯುತ್ತಿದ್ದರು, ಬಣ್ಣ ಇನ್ನೂ ಹಸಿಯಾಗಿತ್ತು. ಅಲ್ಲಿಯೇ ಟೀಚರಾಗಿದ್ದ ನಿಮ್ಮ ಮಗಳು ಶಾರದಾ ಮನೆಗೊಂದು ಸ್ಕ್ಯಾನರ್ ಕೊಳ್ಳಲು ಹೊರಟಿದ್ದಳು. ಕಾಗದಪತ್ರಕ್ಕೂ ಆಯಿತು, ಅವ್ವನ ಮದುವೆಯ ನೆಗೆಟಿವ್‌ಗೂ ಆಯಿತು ಅಂತ. ನೀವು ಧನ್ವಾಡದಿಂದ ಬಸ್ಸಿನಲ್ಲಿ ಬಂದಿದ್ದಿರಿ, ನೆಗೆಟಿವ್ ಪಟ್ಟಿಯನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು. "ಫೋಟೊದಾಂವ ನಮ್ಮ ಮೈಲಾರಿ ಇರೂವಾಗ ನಮಗ್ಯಾಕ ಚಿಂತಿ" ಅಂದಿರಿ.

ಅಂಗಡಿಯಲ್ಲಿ ಎರಡಿದ್ದವು. ಒಂದರ ಮುಚ್ಚಳ ದಪ್ಪ, ಅದರೊಳಗೆ ದೀಪ. ನೆಗೆಟಿವ್‌ಗೆ ಹಿಂದಿನಿಂದ ಬೆಳಕು ಬೇಕು — ಬೆಳಕು ಅದರ ಮೈಯೊಳಗಿಂದ ಹಾದು ಬಂದರೇ ಮುಖ ಮೂಡುವುದು. ಇನ್ನೊಂದರ ಮುಚ್ಚಳ ಬರೀ ಪ್ಲಾಸ್ಟಿಕ್, ಕಾಗದಕ್ಕೆ ಸರಿ, ನೆಗೆಟಿವ್ ಮಟ್ಟಿಗೆ ಕುರುಡು. ಶಾರದಾ ದಪ್ಪ ಮುಚ್ಚಳದ್ದರ ಮೇಲೆ ಕೈಯಿಟ್ಟಳು. ನಾನು ಹೇಳಿದೆ: "ಅದು ಬ್ಯಾಡವ್ವಾ, ಈ ಸಣ್ಣದ ಸಾಕು. ಎರಡೂ ಒಂದೇ ಕೆಲಸ ಮಾಡ್ತಾವ."

ಯಾಕೆಂದರೆ ಆ ಪಟ್ಟಿಯಲ್ಲಿ ನಿಮ್ಮ ಮದುವೆ ಇಲ್ಲ, ಅಕ್ಕಾ.

ಮಾಗನೂರಿನ ನಿಮ್ಮ ಮದುವೆ ನಾನು ತೆಗೆದ ಎರಡನೆಯ ಮದುವೆ. ಇಡೀ ದಿನ ಮಂದಿಯನ್ನು ನಿಲ್ಲಿಸಿದೆ, ಕೂರಿಸಿದೆ, ನಗಿಸಿದೆ. ಹೆಗಲ ಮೇಲಿನ ಕರಿಕಂಬಳಿ ತೆಗೆದಿಡಿ ಅಂದರೆ ನಿಮ್ಮ ಅಪ್ಪ ಕೇಳಲೇ ಇಲ್ಲ. "ಗುಡಿಯಾಗ ಬೀರಪ್ಪನ ಮುಂದ ಹಿಂಗ ನಿಂದರತೀನಿ, ನಿನ್ನ ಡಬ್ಬಿ ಮುಂದ ಯಾಕ ತಗೀಲಿ?" ಅಂದರು. ಹಂದರವೆಲ್ಲ ನಕ್ಕಿತು. ಸ್ಟುಡಿಯೊಗೆ ಬಂದು ಕ್ಯಾಮೆರಾ ತೆರೆದು ನೋಡಿದರೆ — ರೀಲು ತನ್ನನ್ನು ಮುಂದೆಳೆಯುವ ಚಕ್ರದ ಹಲ್ಲಿಗೆ ಸಿಕ್ಕೇ ಇರಲಿಲ್ಲ. ಒಂದು ಚೂರೂ ಮುಂದೆ ಸರಿಯದೆ ತನ್ನ ಗೂಡಿನಲ್ಲೇ ಮಲಗಿತ್ತು. ಅಷ್ಟು ಹೊತ್ತೂ ನಾನು ಯಾರ ಫೋಟೊವನ್ನೂ ತೆಗೆದಿರಲಿಲ್ಲ.

ಹೆದರಿದೆ ಎಂದು ಹೇಳಲಾರೆ. ಮರುದಿನ ಬಂದು ಹೇಳಿದ್ದರೆ ನಿಮ್ಮ ಅಪ್ಪ ಬೈದು, ಊಟಕ್ಕೆ ಹಾಕಿ, ಮತ್ತೊಮ್ಮೆ ಫೋಟೊಗೆ ನಿಂತಿರುತ್ತಿದ್ದರು. ಆಗ ಅವರಿನ್ನೂ ಇದ್ದರು! ನನ್ನದು ಒಣ ಜಂಭ. ಅದಕ್ಕೂ ಮೊದಲು ಗದ್ವಾಲದಲ್ಲಿ ತೆಗೆದ ಮದುವೆಯ ಒಂದು ಪಟ್ಟಿ ಡಬ್ಬಿಯಲ್ಲಿ ಉಳಿದಿತ್ತು. ಅದನ್ನೇ ನಿಮ್ಮ ಕೈಗಿಟ್ಟೆ. "ಬೆಳಕು ಜಾಸ್ತಿ ಬಿದ್ದೈತ್ರಿ, ಈಗ ಪ್ರಿಂಟ್ ಬರಂಗಿಲ್ಲ. ಜೋಪಾನ ಇಡ್ರಿ, ಮುಂದ ಒಳ್ಳೆ ಮಷೀನ್ ಬರ್ತೈತಿ" ಅಂದೆ.

ಮುಂದಿನ ವರ್ಷ ನಿಮ್ಮ ಅಪ್ಪ ತೀರಿಕೊಂಡರು. ಅವರ ಬೇರೆ ಫೋಟೊ ಒಂದೂ ಇರಲಿಲ್ಲ. ನೀವು ಸ್ಟುಡಿಯೊದ ಬಾಗಿಲಲ್ಲಿ ನಿಂತು ಆ ಪಟ್ಟಿಯನ್ನು ಬಿಸಿಲಿಗೆ ಹಿಡಿದು ನನಗೇ ತೋರಿಸಿದಿರಿ. "ಮಾರಿ ತಿಳಿಯಂಗಿಲ್ಲ ತಮ್ಮಾ. ಆದ್ರ ಹೆಗಲ ಮ್ಯಾಲ ಕರಿಕಂಬಳಿ ಐತಿ ನೋಡು. ಅಪ್ಪನ ಅದಾನ."

ನೆಗೆಟಿವ್‌ನಲ್ಲಿ ಕಪ್ಪಾಗಿ ಕಾಣುವುದು ನಿಜದಲ್ಲಿ ಬಿಳಿ, ಅಕ್ಕಾ. ಅದು ಗದ್ವಾಲದ ಯಾರೋ ಹಿರಿಯರ ಬಿಳಿ ಶಲ್ಯ. ನಿಮ್ಮ ಅಪ್ಪನ ಕರಿಕಂಬಳಿಯಾಗಿದ್ದರೆ ಅಲ್ಲಿ ಬೆಳ್ಳಗೆ ಕಾಣಬೇಕಿತ್ತು. ಇಷ್ಟನ್ನು ಹೇಳಲು ಎಷ್ಟು ಹೊತ್ತು ಬೇಕಾಗಿತ್ತು! ನಾನು "ಹ್ಞೂಂ" ಅಂದೆ. ಆ ಒಂದು ಹ್ಞೂಂ —

ಮುಂದೆ ಶಾರದಾಳ ಮನೆಯಲ್ಲಿ ಆ ಕುರುಡು ಯಂತ್ರದ ಗಾಜಿನ ಮೇಲೆ ನೀವೇ ಪಟ್ಟಿ ಇಟ್ಟಿರಿ, ಇಡುವ ಮುಂಚೆ ಕಣ್ಣಿಗೆ ಒತ್ತಿಕೊಂಡಿರಿ. ನಾನು ನೀರು ಕುಡಿಯುವ ನೆವ ಮಾಡಿ ಅಂಗಳಕ್ಕೆ ಎದ್ದುಹೋದೆ. ಒಳಗೆ ಬಂದಾಗ ಪರದೆಯ ಮೇಲೆ ಕರಿಪಟ್ಟಿಯೊಂದೇ. "ನೆಗೆಟಿವ್ ಹಳೇದಾಗೇತ್ರಿ, ಜೀವ ಹೋಗೇತಿ" ಅಂದೆ. ನೀವು ನನ್ನನ್ನೇ ಸಮಾಧಾನ ಮಾಡಿದಿರಿ: "ಇರ್ಲಿ ಬಿಡು ತಮ್ಮಾ. ಮಷೀನಿಗೆ ಕಾಣದಿದ್ರ ಏನಾತು, ನನಗ ಬಿಸಿಲಾಗ ಕಾಣ್ತಾನ."

ಈಗೀಗ ಮಧ್ಯಾಹ್ನ ಕಣ್ಣು ಹತ್ತಿದರೆ ಸಾಕು, ಕನಸಿನಲ್ಲಿ ಎಲ್ಲವೂ ನೆಗೆಟಿವ್. ಆಕಾಶ ಕಪ್ಪು, ಕರಿ ಕುರಿಗಳೆಲ್ಲ ಬಿಳಿ, ಕೃಷ್ಣೆಯ ದಂಡೆಯ ಮರಳು ಮಸಿಯ ಹಾಗೆ. ಆ ಮರಳಿನ ಮೇಲೆ ನಿಮ್ಮ ಅಪ್ಪ ಬೆಳ್ಳನೆಯ ಕಂಬಳಿ ಹೊದ್ದು ನಡೆದು ಬರುತ್ತಾರೆ, ನನ್ನೆದುರು ನಿಲ್ಲುತ್ತಾರೆ, ಕಾಯುತ್ತಾರೆ. ನಾನು ಕ್ಲಿಕ್ಕಿಸುತ್ತೇನೆ. ರೀಲು ತಿರುಗುವುದಿಲ್ಲ. ಎಚ್ಚರವಾದಾಗ ಬೆರಳು ಇನ್ನೂ ಒತ್ತುತ್ತಲೇ ಇರುತ್ತದೆ.

ಸುಮ್ಮನಿದ್ದುಬಿಡಲೇ ಅಂತಲೂ ಯೋಚಿಸಿದ್ದೇನೆ. ಹೇಳಿದರೆ ಬಿಸಿಲಿನಲ್ಲಿ ಕಾಣುವ ಆ ಅಪ್ಪನೂ ನಿಮಗೆ ಇಲ್ಲವಾಗುತ್ತಾರೆ. ಆದರೆ ಅವರ ಜಾಗದಲ್ಲಿ ಬೇರೊಬ್ಬರನ್ನು ನಿಲ್ಲಿಸಿ ನಿಮ್ಮಿಂದ ಕೈಮುಗಿಸುತ್ತ ಬಂದವನು ನಾನು. ಅದನ್ನು ದಯೆ ಎಂದು ಕರೆದುಕೊಳ್ಳಲು ನನಗೆ ಮುಖವಿಲ್ಲ.

ಮುಚ್ಚಳದಲ್ಲಿ ದೀಪವಿರುವ ಸ್ಕ್ಯಾನರ್ ತಂದಿಟ್ಟಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಅದನ್ನು ಹೊತ್ತು ಧನ್ವಾಡಕ್ಕೆ ಬರುತ್ತೇನೆ. ಈ ಕಾಗದವನ್ನು ಮೊದಲು ನಿಮ್ಮೆದುರು ನಾನೇ ಓದುತ್ತೇನೆ. ಆಮೇಲೆ ಪಟ್ಟಿ ಇಡುವುದೋ ಬಿಡುವುದೋ ನಿಮ್ಮ ಮನಸ್ಸು. ಇಟ್ಟರೆ, ಬಿಳಿ ಶಲ್ಯದ ಆ ಹಿರಿಯರು ಪರದೆಯ ಮೇಲೆ ಮೂಡುವಾಗ, ಈ ಸಲ ನಾನು ಅಂಗಳಕ್ಕೆ ಎದ್ದುಹೋಗುವುದಿಲ್ಲ.