ಸುತಿ ಹಿಡಿದ ನರಸಪ್ಪ

ಇಲ್ಲ... ನಂಬುವುದಕ್ಕೆ ಆಗುತ್ತಿಲ್ಲ.
ಬೆಳಿಗ್ಗೆ ಮಾನ್ವಿಯಿಂದ ಅವನ ಮಗಳು ಫೋನ್ ಮಾಡಿದ್ದಳು. ಕಟ್ ಮಾಡಿ, ಮತ್ತೆ ನಾನೇ ಮಾಡಿ ಕೇಳಿದೆ.
ಅದೇ ಮಾತು.
ನರಸಪ್ಪ ಹೋದ.

ಈ ವರ್ಷ ಇಂಥ ಪೋಸ್ಟ್ ಬರೆಯುತ್ತಿರುವುದು ನಾಲ್ಕನೇ ಸಲ... ಬರೆದು ಬರೆದು ಸಾಕಾಗಿದೆ.
ಆದರೂ ಇವನ ಬಗ್ಗೆ ಬರೆಯದೆ ಇರಲಾರೆ.

ಎಂಬತ್ತರ ದಶಕದ ಶುರುವಿನಲ್ಲಿ ರಾಯಚೂರಿನ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಒಂದೇ ಮೇಜಿಗೆ ಕೂತು ಕೆಲಸ ಮಾಡಿದವರು ನಾವು.
ಅವನ ಅಪ್ಪ ಸನಾದಿ ಊದುವವರು. ಮಾನ್ವಿ, ಸಿರವಾರದ ಕಡೆ ಅವರಿಲ್ಲದೆ ಮದುವೆಯೇ ಇರಲಿಲ್ಲ.
ಆಮೇಲೆ ದಮ್ಮಿನ ಕಾಯಿಲೆ ಬಂತು. ಊದುವುದು ನಿಂತಿತು.
ಅಷ್ಟರಲ್ಲಿ ಅವರ ಮಗಳ, ಅಂದರೆ ನರಸಪ್ಪನ ತಂಗಿಯ ಮದುವೆ ಗೊತ್ತಾಯಿತು... ದೇವದುರ್ಗದ ಸಂಬಂಧ.
ಮಂದಿಯ ಮಕ್ಕಳಿಗೆಲ್ಲ ಊದಿದವರು ಸ್ವಂತ ಮಗಳಿಗೆ ಊದಲಾರರು. ಅದೊಂದೇ ಚಿಂತೆ ಅವರಿಗೆ.

ನರಸಪ್ಪ ಹಳೇ ರೇಡಿಯೋ ಸಾಮಾನಿನಿಂದ ಸನಾದಿಯ ಹಾಗೆ ಸದ್ದು ಮಾಡುವ ಡಬ್ಬಿ ಕಟ್ಟಲು ಕೂತ, ಅಪ್ಪನ ಬದಲು ಅದೇ ನುಡಿಯಲಿ ಅಂತ.
ಆಸಿಲೇಟರ್ ಅಂದರೇನು ಅಂತ ನನಗೆ ಹೇಳಿಕೊಟ್ಟವನೇ ಅವನು. ಕರೆಂಟು ಅಲುಗಿಸಿ ಸ್ವರ ಹುಟ್ಟಿಸುವುದು ಅದು. ಬೇಗ ಬೇಗ ಅಲುಗಿದರೆ ಸ್ವರ ಏರುತ್ತದೆ, ನಿಧಾನ ಅಲುಗಿದರೆ ಇಳಿಯುತ್ತದೆ... ಅದೇ ಫ್ರೀಕ್ವೆನ್ಸಿ.
ಅಲೆ ಗರಗಸದ ಹಲ್ಲಿನ ಹಾಗಿದ್ದರೆ ಸದ್ದು ಒರಟು. ಫಿಲ್ಟರ್ ಅಂದರೆ ಚಹಾ ಸೋಸಿದ ಹಾಗೆ, ಬೇಡದ ಚರಟ ತಡೆಯುವುದು.
ಸದ್ದು ಎಷ್ಟು ಬೇಗ ಏಳಬೇಕು, ಎಷ್ಟು ನಿಧಾನ ಆರಬೇಕು ಅನ್ನುವುದಕ್ಕೆ ಎನ್ವಲಪ್. ಲಕೋಟೆಯಾ ಅಂತ ಕೇಳಿ ಬೈಸಿಕೊಂಡಿದ್ದೆ.
ಡಬ್ಬಿ ಎಲ್ಲಾದರೂ ಸನಾದಿ ಊದುತ್ತದಾ ಅಂತ ಅಂಗಡಿಯವರೆಲ್ಲ ಅವನನ್ನು ನೋಡಿ ನಕ್ಕರು. ನಾನೂ ನಕ್ಕೆ... ಈಗ ನಾಚಿಕೆಯಾಗುತ್ತದೆ.

ಎಂಟು ತಿಂಗಳಾದ ಮೇಲೆ ಡಬ್ಬಿ ಒಯ್ದು ಅಪ್ಪನ ಮುಂದೆ ಇಟ್ಟ. ನಾನೂ ಹೋಗಿದ್ದೆ.
ಅವರು ಮಂಚದ ಮೇಲೆ ಕೂತು ಪೂರ್ತಿ ಕೇಳಿದರು.
"ಚಲೋ ಮಾಡೀಯಪ್ಪ. ಆದ್ರ ಇದು ಉಸುರು ತಗಳಂಗಿಲ್ಲ. ಇದು ಸುತಿ ಹಿಡೀಲಿ... ಊದಾಕ ನಾ ಅದೀನಿ."
ಸುತಿ ಅಂದರೆ ಶ್ರುತಿ, ಸನಾದಿಯ ಹಿಂದೆ ಎಲ್ಲೂ ಕಡಿಯದೆ ನಡೆಯುವ ಒಂದೇ ಸ್ವರ.

ಲೇ ನರಸಪ್ಪ...
ಅವತ್ತು ನಿನ್ನ ಮುಖ ಸಪ್ಪಗಾಗಿದ್ದು ನಾನು ಕಂಡೆ.
ಫಿಲ್ಟರ್, ಎನ್ವಲಪ್ ಎಲ್ಲ ನೀನೇ ಬಿಚ್ಚಿ ಹಾಕಿದೆ. ಒಂದೇ ಒಂದು ಆಸಿಲೇಟರ್ ಉಳಿಸಿದೆ.
ಮದುವೆ ದಿನ, ನಮ್ಮ ಬಿಸಿಲಿನಲ್ಲಿ ಡಬ್ಬಿ ಕಾದಷ್ಟೂ ಸ್ವರ ಜಾರುತ್ತಿತ್ತು. ಗುಂಡಿಯ ಮೇಲೆ ಬೆರಳಿಟ್ಟು, ಕೂದಲೆಳೆಯಷ್ಟು ತಿರುಗಿಸುತ್ತಾ, ನೀರು ಕೂಡ ಕುಡಿಯದೆ ಕೂತಿದ್ದೆ ನೀನು.
ಅಪ್ಪ ಒಂದು ಸಾಲು ಊದುವರು, ಏದುಸಿರು ಬಿಡುವರು. ಮತ್ತೊಂದು ಸಾಲು.
ನಡುವಿನ ಖಾಲಿ ಯಾರಿಗೂ ತಿಳಿಯಲಿಲ್ಲ, ನಿನ್ನ ಸುತಿ ತುಂಬಿಕೊಂಡಿತ್ತು.

ಅಕ್ಷತೆ ಬಿತ್ತು. ಅಪ್ಪ ಸನಾದಿ ಕೆಳಗಿಟ್ಟು ಕಣ್ಣು ಒರೆಸಿಕೊಂಡರು.
ಮಂದಿ ಊಟಕ್ಕೆ ಎದ್ದರು. ನಾನು ಬಂದು, ಮುಗಿಯಿತು, ಇನ್ನು ಆರಿಸು ಅಂದೆ.
ನೀನು ತಲೆ ಎತ್ತಲಿಲ್ಲ.
"ತಡಿಲೇ... ಅಪ್ಪ ಇನ್ನೊಂದು ಊದ್ತಾನೇನೋ."

ಅವರು ಊದಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ.
ಪಂಕ್ತಿ ಏಳುವ ತನಕ ನೀನು ಹಾಗೇ ಕೂತಿದ್ದೆ.

ಹೋಗಿ ಬಾ ಗೆಳೆಯಾ...
ಎಲ್ಲಿದ್ದರೂ ನಿನ್ನ ಜೀವ ತಣ್ಣಗಿರಲಿ.