ಹಂದಿಮಾಂಸದ ಗುಣ ಹೇಳಲು ಬಿಡಲಿಲ್ಲ

ನನ್ನ ಮಾತನ್ನು ಅರ್ಧಕ್ಕೆ ತಡೆದು, ಆ ಅರ್ಧವನ್ನೇ ಸಾಕ್ಷಿ ಮಾಡಿಕೊಂಡು, ನನ್ನ ಗೆಳತಿಯನ್ನು ಮನೆ ಬಿಡಿಸಿದರು. ಇದು ನನಗಾದ ಅನ್ಯಾಯ. ಆಕೆಗಾದದ್ದು ಇನ್ನೂ ದೊಡ್ಡದು. ಅದನ್ನು ಆಕೆಯೇ ಹೇಳಬೇಕು. ಆದರೆ ಆಕೆ ಈಗ ಎಲ್ಲಿದ್ದಾರೆಂಬುದು ನನಗೆ ತಿಳಿಯದು.

ಹಳೆಯದನ್ನು ಕೆದಕುವುದು ನನ್ನ ಚಟವೆಂದು ಮನೆಯವರು ಹೇಳುತ್ತಾರೆ. ಇರಬಹುದು. ಆದರೆ ಈ ಸಲ ಕೆದಕಿದವಳು ನಾನಲ್ಲ. ಮೊನ್ನೆ ಹೈದರಾಬಾದಿನ ಅಮೀರ್‌ಪೇಟೆಯ ದೊಡ್ಡ ಅಂಗಡಿಯಲ್ಲಿ ಮೊಸರು ಹುಡುಕುತ್ತ ತಣ್ಣನೆಯ ಕಪಾಟಿಗೆ ಕೈ ಹಾಕಿದೆ. ಸಿಕ್ಕಿದ್ದು ಹ್ಯಾಮ್‌ ಪೊಟ್ಟಣ. ಉಪ್ಪಿನಲ್ಲಿ ಹದಮಾಡಿದ ಹಂದಿಯ ತೊಡೆಮಾಂಸ, ಕಾಗದದಷ್ಟು ತೆಳ್ಳಗೆ ಕೊಯ್ದದ್ದು. ಮುಂಭಾಗದಲ್ಲಿ ಪ್ರೋಟೀನ್ ಎಂಬ ಪದ ಹೆಬ್ಬೆರಳಿನ ಗಾತ್ರಕ್ಕಿತ್ತು. ಹಿಂಭಾಗದಲ್ಲಿ ಉಪ್ಪಿನ ವಿಚಾರ ಇರುವೆ ಸಾಲಿನಂತೆ. ಕನ್ನಡಕ ಏರಿಸಿಕೊಂಡು ನಿಂತಲ್ಲೇ ಓದತೊಡಗಿದೆ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಹಂದಿಮಾಂಸ, ನೋಡಿದವರು ಏನೆಂದುಕೊಂಡರೋ.

ನೀವೂ ಆಶ್ಚರ್ಯಪಡುವ ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ರಾಯಚೂರು ಸೀಮೆಯವಳು, ಮಾಂಸದ ಗಾಳಿಯೂ ಸೋಕದ ಮನೆತನದವಳು. ನಾರಾಯಣಗೂಡದ ಕಾಲೇಜೊಂದರಲ್ಲಿ ಪೋಷಣಶಾಸ್ತ್ರ ಕಲಿಸಿ ನಿವೃತ್ತಳಾದೆ. ಹಂದಿಮಾಂಸದಲ್ಲಿ ಏನೇನಿದೆಯೆಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದವಳಿಗೆ ಅದರ ವಾಸನೆ ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ದಡದಲ್ಲಿ ನಿಂತು ಈಜು ಕಲಿಸಿದ ಹಾಗೆ. ಕಲಿಸುವಾಗ ನನ್ನದೊಂದು ಪದ್ಧತಿಯಿತ್ತು: ಯಾವ ಆಹಾರವೇ ಆಗಲಿ, ದೋಷ ಮೊದಲು, ಗುಣ ಆಮೇಲೆ, ಎಷ್ಟು ತಿನ್ನಬೇಕೆಂಬುದು ಕೊನೆಗೆ. ಕಹಿ ಮುಂಚೆ ನುಂಗಿದರೆ ಬಾಯಲ್ಲಿ ಸಿಹಿ ಉಳಿಯುತ್ತದೆಂಬುದು ನನ್ನ ನಂಬಿಕೆ. ಗಂಟೆ ಬಾರಿಸುವವರೆಗೆ ಮಕ್ಕಳು ಏಳುವಂತಿರಲಿಲ್ಲವಾದ್ದರಿಂದ ಆ ಪದ್ಧತಿ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ವಾಸನೆಯ ಪರಿಚಯ ಮಾಡಿಸಿದವರು ದೇಚಮ್ಮ. ಕೊಡಗಿನವರು. ಸೈನ್ಯದಲ್ಲಿದ್ದ ಗಂಡ ತೀರಿಕೊಂಡ ಮೇಲೂ ಹೈದರಾಬಾದ್ ಬಿಡದೆ, ನಮ್ಮದೇ ಕಟ್ಟಡದ ಮೇಲಂತಸ್ತಿನಲ್ಲಿ ಬಾಡಿಗೆಗೆ ಒಬ್ಬರೇ ಇದ್ದರು. ಒಂದು ಬೇಸಗೆಯಲ್ಲಿ ಹಪ್ಪಳ ಒಣಗಿಸಲು ಚಾವಣಿಗೆ ಹೋದಾಗ, ಯಾರೋ ಕಾಗೆಯನ್ನು ಕನ್ನಡದಲ್ಲಿ ಬೈಯುವುದು ಕೇಳಿಸಿತು. ಹೊರಗೆ ಕಾಲಿಟ್ಟರೆ ತೆಲುಗು, ಇಲ್ಲವೇ ಹಿಂದಿ ಎಂದು ಬದುಕುತ್ತಿದ್ದ ನನಗೆ ಆ ಬೈಗುಳ ಹಬ್ಬದ ಊಟದಂತಿತ್ತು. ಅವರ ಮುಂದೆ ತೆಳುಬಟ್ಟೆ ಹೊದಿಸಿದ ತಂತಿಯ ಮೇಲೆ ಕಂದುಬಣ್ಣದ ತುಂಡುಗಳು ತೂಗುತ್ತಿದ್ದವು. ಯಾವುದೋ ಬಾಳಕದ ಮೆಣಸಿನಕಾಯಿಯೆಂದುಕೊಂಡು ಕೈ ಚಾಚಿದೆ.

"ಮುಟ್ಟಬೇಡಿ, ಆಮೇಲೆ ಸ್ನಾನ ಮಾಡಬೇಕಾಗ್ತದೆ," ಎಂದು ನಕ್ಕರು.

ಉಪ್ಪು, ಅರಿಶಿನ ತಿಕ್ಕಿ ಒಣಗಿಸಿದ ಹಂದಿಮಾಂಸ. ಅವರ ಊರಿನಲ್ಲಿ ಅದನ್ನು ಒಲೆಯ ಮೇಲಿನ ಹೊಗೆಗೆ ಕಟ್ಟುತ್ತಾರಂತೆ. ಇಲ್ಲಿ ಹೊಗೆಯ ಒಲೆಯಿಲ್ಲ, ಆದರೆ ಅದನ್ನು ಮರೆಸುವಂಥ ಬಿಸಿಲಿದೆ ಎಂದರು. ಕಾಚಂಪುಳಿ ಎಂಬ ಕಪ್ಪು ಹುಳಿಯ ಬಗ್ಗೆ, ಒಂದು ಪಾತ್ರೆ ಹುರುಳಿಯಲ್ಲಿ ನಾಲ್ಕು ಚೂರು ಬಿದ್ದರೆ ಸಾಕೆಂಬ ಬಗ್ಗೆ ಹೇಳಿದರು. ನಾನು ಸುಮ್ಮನಿರುವ ಜಾಯಮಾನದವಳೇ?

"ಉಪ್ಪು ಭಾಳ ಐತ್ರಿ ಇದರಾಗ. ನೂರು ಗ್ರಾಮಿಗೆ ಲೆಕ್ಕ ಹಾಕಿದ್ರ..."

"ನೂರು ಗ್ರಾಂ ಯಾರು ತಿಂತಾರೆ ಟೀಚರೆ? ನೀವು ನೂರು ಗ್ರಾಂ ಉಪ್ಪಿನಕಾಯಿ ತಿಂತೀರಾ?"

ನಾನು ಟೀಚರೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಆ ಒಂದು ವಾಕ್ಯದಿಂದಲೇ ಗೊತ್ತಾಯಿತಂತೆ.

ಅಂದಿನಿಂದ ಸಂಜೆಗಳು ನಮ್ಮವಾದವು. ಆಕೆ ನನ್ನ ಜೋಳದ ರೊಟ್ಟಿಯನ್ನು ತಟ್ಟೆಯಂತೆ ಎತ್ತಿ ಹಿಡಿದು ಹಾಸ್ಯ ಮಾಡುತ್ತಿದ್ದರು; ಶೇಂಗಾ ಚಟ್ನಿಯನ್ನು ಮಾತ್ರ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ನಾನು ಅವರ ಅಡುಗೆಮನೆಯ ಹೊಸ್ತಿಲಾಚೆ ಕುರ್ಚಿ ಹಾಕಿಕೊಂಡು, ಮೂಗಿಗೆ ಸೆರಗು ಹಿಡಿದು ಕೂರುತ್ತಿದ್ದೆ. ದಿನ ಕಳೆದಂತೆ ಸೆರಗು ಜಾರಿತು. ಮೆಣಸು, ಹುಳಿ, ಕರಗುವ ಕೊಬ್ಬು ಕೂಡಿದ ಆ ವಾಸನೆ ನನಗೆ ರುಚಿಯ ವಿಷಯವಾಗಲೇ ಇಲ್ಲ. ಅದು ಬಂತೆಂದರೆ ದೇಚಮ್ಮ ಮನೆಯಲ್ಲಿದ್ದಾರೆ, ಇನ್ನು ಮಾತಾಡಬಹುದು ಎಂದರ್ಥ. ಇಂದು ಈ ಕಟ್ಟಡದ ಮೆಟ್ಟಿಲು ಹತ್ತುವಾಗ ನಾನು ಉಸಿರೆಳೆದುಕೊಳ್ಳುವುದೇತಕ್ಕೆಂದು ಯಾರಿಗೂ ಹೇಳಿಲ್ಲ. ನಿಮಗೆ ಹೇಳಿದೆ.

ಅದು ಅಮೀರ್‌ಪೇಟೆಯ ಗೋಡೆಗಳೆಲ್ಲ ಕಂಪ್ಯೂಟರ್ ಕೋರ್ಸುಗಳ ಹಲಗೆಗಳ ಹಿಂದೆ ಮರೆಯಾಗುತ್ತಿದ್ದ ಕಾಲ. ಕಲಿಯಲು ಬಂದ ಹುಡುಗರಿಗೆ ಮಲಗಲು ಮಂಚವೊಂದು ಸಿಕ್ಕರೆ ಸಾಕಿತ್ತು. ಸಂಸಾರಗಳಿದ್ದ ಮನೆಗಳು ಒಂದೊಂದಾಗಿ ಹಾಸ್ಟೆಲುಗಳಾದವು. ದೇಚಮ್ಮನವರ ಮನೆಯ ಒಡೆಯರೇ ನಮ್ಮ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಗಳು. ವರ್ಷಗಳಿಂದ ಅವರಿಗೆ ಬಾರದಿದ್ದ ವಾಸನೆ ಆ ಕಾಲದ ಒಂದು ಬೇಸಗೆಯಲ್ಲಿ ತಟ್ಟನೆ ಬಂತು. ಚಾವಣಿಯಲ್ಲಿ ಮಾಂಸ ಒಣಗಿಸುವುದರಿಂದ ಎಲ್ಲರ ಆರೋಗ್ಯಕ್ಕೂ ಹಾನಿಯೆಂದು ಸಭೆ ಕರೆದರು. ಆ ಮಾಂಸದ ಪಕ್ಕದಲ್ಲೇ ಕಾರ್ಯದರ್ಶಿಗಳ ಮನೆಯ ಆವಕಾಯಿ ಉಪ್ಪಿನಕಾಯಿಯ ಜಾಡಿಗಳು ಬಿಸಿಲು ಕಾಯುತ್ತಿದ್ದವು. ಉಪ್ಪಿನ ಮಟ್ಟಿಗೆ ಹೇಳುವುದಾದರೆ ಆವಕಾಯಿ, ಹಪ್ಪಳ, ಒಣಗಿಸಿದ ಹಂದಿಮಾಂಸ ಮೂರೂ ಒಂದೇ ಪಂಕ್ತಿಯಲ್ಲಿ ಕೂರತಕ್ಕವು. ಆದರೆ ಸಭೆಯ ಮುಂದೆ ಬಂದದ್ದು ಒಂದೇ.

ತಜ್ಞರ ಅಭಿಪ್ರಾಯಕ್ಕೆಂದು ನನ್ನನ್ನು ಕರೆದಾಗ ನಾನು ಹಿಗ್ಗಿದೆನೆಂದು ಒಪ್ಪಿಕೊಳ್ಳುತ್ತೇನೆ. ಸತ್ಯ ಹೇಳಿ ಸಭೆಯ ಬಾಯಿ ಮುಚ್ಚಿಸುವೆನೆಂಬ ಹುಮ್ಮಸ್ಸಿನಲ್ಲಿ ಇಳಕಲ್ ಸೀರೆ ಉಟ್ಟು ಹೋದೆ. ದೇಚಮ್ಮ ಬಾಗಿಲ ಬಳಿ ಕೂತಿದ್ದರು. ನನ್ನನ್ನು ಕಂಡು ಅವರ ಮುಖ ಸಡಿಲವಾಯಿತು. ನಾನು ನನ್ನ ಪದ್ಧತಿಯಂತೆ ಆರಂಭಿಸಿದೆ. ಹದಮಾಡುವಾಗ ಬಳಸುವ ಉಪ್ಪು ಅಧಿಕ, ರಕ್ತದೊತ್ತಡದವರು ದೂರವಿರುವುದು ಮೇಲು. ಕೊಬ್ಬು ಇದೆ, ಹೊಟ್ಟೆಭಾಗದ ಮಾಂಸದಲ್ಲಿ ಹೆಚ್ಚು, ತೊಡೆಯಲ್ಲಿ ಕಡಿಮೆ. ಕಾರ್ಖಾನೆಯಲ್ಲಿ ಬಣ್ಣ ಕೆಡದಿರಲೆಂದು ಸೇರಿಸುವ ಲವಣಗಳೂ ಒಳ್ಳೆಯವಲ್ಲ. ಇಷ್ಟು ಹೇಳಿ, ಗುಣಗಳಿಗೆ ಬರಲು ಉಸಿರು ತೆಗೆದುಕೊಂಡೆ. ಆ ಉಸಿರಿನ ಸಂದಿನಲ್ಲಿ ಕಾರ್ಯದರ್ಶಿಗಳು ಎದ್ದು ನಿಂತರು.

"ಮೇಡಂ ಗಾರು, ಒಕ್ಕ ಮಾಟಲೋ ಚೆಪ್ಪಂಡಿ. ಒಂಟಿಕಿ ಮಂಚಿದಾ, ಕಾದಾ?"

ಮೈಗೆ ಒಳ್ಳೆಯದೋ ಅಲ್ಲವೋ, ಒಂದೇ ಮಾತಿನಲ್ಲಿ ಹೇಳಬೇಕಂತೆ. ಜಗತ್ತಿನ ಯಾವ ತಿನಿಸಿನ ಬಗ್ಗೆಯೂ ಹಾಗೆ ಹೇಳಲಾಗದೆಂದು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಚಪ್ಪಾಳೆ ತಟ್ಟಿ ಧನ್ಯವಾದ ಹೇಳಿಬಿಟ್ಟರು. ದೇಚಮ್ಮ ಮನೆ ಬಿಡಬೇಕೆಂಬ ಠರಾವಿಗೆ ಕೈಗಳು ಮೇಲೆದ್ದವು. ಬಾಗಿಲ ಬಳಿಯ ಕುರ್ಚಿ ಖಾಲಿಯಾಗಿತ್ತು.

ಹಿಂದೆಯೇ ಓಡಿದೆ. ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಆಕೆ ಚಾವಣಿಯಿಂದ ಇಳಿಸಿ ತಂದ ತಂತಿಯಿಂದ ತುಂಡುಗಳನ್ನು ಬಿಡಿಸಿ ಡಬ್ಬಿಗೆ ತುಂಬುತ್ತಿದ್ದರು. ನಾನು ಮೊದಲ ಬಾರಿಗೆ ಆ ಹೊಸ್ತಿಲು ದಾಟಿದೆ.

"ಇನ್ನಾ ಅರ್ಧ ಹೇಳೂದು ಉಳದಿತ್ರಿ, ದೇಚಮ್ಮಾರ. ಅವರು ಬಿಡಲಿಲ್ಲ."

"ನೀವು ಸುಳ್ಳೇನೂ ಹೇಳಲಿಲ್ಲವಲ್ಲ ಟೀಚರೆ," ಎಂದರು, ತಲೆಯೆತ್ತದೆ. "ಉಳಿದರ್ಧ ನನಗೆ ಗೊತ್ತು. ಗೊತ್ತಾಗಬೇಕಾಗಿದ್ದದ್ದು ಅವರಿಗೆ."

ಕೂರಿ ಎನ್ನಲಿಲ್ಲ. ಆ ತಿಂಗಳು ಮುಗಿಯುವ ಮುನ್ನ ಮನೆ ಖಾಲಿ ಮಾಡಿದರು. ಹೊರಡುವ ದಿನ ನಾನು ಕಾಲೇಜಿನಲ್ಲಿದ್ದೆ. ಕೊಡಗಿಗೆ ಹೋದರೋ, ಸಿಕಂದರಾಬಾದಿನಲ್ಲೇ ಮತ್ತೊಂದು ಮನೆ ಹಿಡಿದರೋ, ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಅವರ ಕೋಣೆಗಳಲ್ಲಿ ಮಂಚಗಳು ಸಾಲಾಗಿ ನಿಂತವು.

ಅಂದಿನಿಂದ ಯಾರು ಏನು ಕೇಳಿದರೂ ಗುಣವನ್ನೇ ಮೊದಲು ಹೇಳುತ್ತೇನೆ. ದೋಷಕ್ಕೆ ಬರುವಷ್ಟರಲ್ಲಿ ಕೇಳಿದವರು ಹೊರಟುಹೋಗಿರುತ್ತಾರೆ, ಹೋಗಲಿ.

ಆ ಸಭೆಗೆ ಸಲ್ಲಬೇಕಾಗಿದ್ದ ಉಳಿದರ್ಧವನ್ನು ಇಲ್ಲಿ ಸಲ್ಲಿಸುತ್ತೇನೆ. ಒಣಗಿಸಿದ ಹಂದಿಮಾಂಸದಲ್ಲಿ ನೀರಿನಂಶ ಇಳಿದಿರುವುದರಿಂದ ಪ್ರೋಟೀನ್ ಗಟ್ಟಿಯಾಗಿ ನಿಂತಿರುತ್ತದೆ, ಅದೂ ದೇಹಕ್ಕೆ ಚೆನ್ನಾಗಿ ಒಗ್ಗುವ ಬಗೆಯದು. ನರಗಳಿಗೆ ಬೇಕಾದ ಬಿ ಒಂದು ಜೀವಸತ್ವ ಬೇರೆ ಮಾಂಸಗಳಿಗಿಂತ ಇದರಲ್ಲಿ ಹೆಚ್ಚು. ಬಿ ಹನ್ನೆರಡು, ಸತು, ಕಬ್ಬಿಣ ಇವೆ. ನೀರಿನಲ್ಲಿ ನೆನೆಸಿಟ್ಟು ಆ ನೀರು ಚೆಲ್ಲಿದರೆ ಉಪ್ಪು ಎಷ್ಟೋ ಇಳಿಯುತ್ತದೆ. ಒಂದು ಪಾತ್ರೆ ಹುರುಳಿಗೆ ನಾಲ್ಕು ಚೂರು ಹಾಕಿ ಉಣ್ಣುವ ಒಂಟಿ ಹೆಂಗಸಿನಿಂದ ಆಕೆಯ ಆರೋಗ್ಯಕ್ಕಾಗಲಿ, ಅಕ್ಕಪಕ್ಕದವರ ಆರೋಗ್ಯಕ್ಕಾಗಲಿ ಕುಂದಿಲ್ಲ.

ಕಾರ್ಯದರ್ಶಿಗಳೇ, ಅಂದು ಕೈ ಎತ್ತಿದ ಮಹನೀಯರೇ, ನನ್ನ ಮಾತು ಮುಗಿಯಿತು. ಈಗ ನೀವು ಒಂದೇ ಮಾತಿನಲ್ಲಿ ಹೇಳಿ: ಆ ದಿನ ನಿಮಗೆ ಬೇಕಾಗಿದ್ದದ್ದು ಮಾಂಸದ ವಿಚಾರವೋ, ದೇಚಮ್ಮನವರ ಮನೆಯೋ?