ಮೂವತ್ತೆಂಟು ಇಂಚಿನ ತೋಳು

ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು 'ಕತ್ತರಿ' ಅಂತಲೇ. ಹೊಲಿಗೆಯಲ್ಲಿ ಎತ್ತಿದ ಕೈ, ಆದರೆ ಕೋಪ ಮೂಗಿನ ತುದಿಯಲ್ಲೇ. ಬೆಳಗ್ಗೆ ಯಾರಿಗೆ 'ನೀವೇ ನನ್ನ ದೇವರು' ಅಂದಳೋ ಅವರಿಗೇ ಸಂಜೆ 'ನಿಮ್ಮ ಮುಖ ನೋಡಲ್ಲ' ಅಂದು ಹೊರಟುಬಿಡುವವಳು. ಯಾರಾದರೂ ತನ್ನನ್ನು ಬಿಡುತ್ತಾರೆ ಅನ್ನಿಸಿದರೆ ಸಾಕು, ಮೊದಲು ತಾನೇ ಬಿಟ್ಟುಬಿಡುವಳು. ಹೀಗೆ ನಾಲ್ಕು ಅಂಗಡಿ, ಇಬ್ಬರು ಗೆಳತಿಯರು, ಒಬ್ಬ ಗಂಡ ಹೋಗಿಯಾಗಿತ್ತು. ಇದು ಐದನೆಯ ಅಂಗಡಿ. ಇದೂ ತಪ್ಪಿದರೆ ಊರಲ್ಲಿ ಅವಳಿಗೆ ಕೆಲಸ ಕೊಡುವ ಟೈಲರ್ ಇನ್ನೊಬ್ಬ ಉಳಿದಿರಲಿಲ್ಲ.

ಅಕ್ಕ ರಟ್ಟೆ ಹಿಡಿದು ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. 'ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್' ಅಂದರು ಅವರು. ಇಷ್ಟುದ್ದದ ಹೆಸರಿಗೆ ಮಾತ್ರೆಯ ಪಟ್ಟಿಯೂ ಉದ್ದ ಇರುತ್ತೆ ಅಂದುಕೊಂಡಳು ಇವಳು.

"ಇದಕ್ಕೇ ಅಂತ ಮಾತ್ರೆ ಇಲ್ಲಮ್ಮಾ. ಮನಸ್ಸು ತೀರಾ ಕುಗ್ಗಿದೆಯಲ್ಲ, ಅದಕ್ಕೊಂದು ಕೊಡ್ತೀನಿ. ಮುಖ್ಯವಾದ ಔಷಧಿ ಅಂದ್ರೆ ಮಾತು, ಅಭ್ಯಾಸ."

"ಮಾತಾ? ನಾನು ಕೆಟ್ಟಿದ್ದೇ ಮಾತಿಂದ ಡಾಕ್ಟ್ರೇ."

ವಾರಕ್ಕೊಮ್ಮೆ ಥೆರಪಿ ಶುರುವಾಯಿತು. ಕೋಪ ಬಂದಾಗ ತಣ್ಣೀರಲ್ಲಿ ಮುಖ ತೊಳೆ, ಹತ್ತು ನಿಮಿಷ ಕಾಯಿ, ಆಮೇಲೆ ತೀರ್ಮಾನ ಮಾಡು ಅಂದರು ಥೆರಪಿ ಮೇಡಂ. ಕೋಪ, ಅಳು, ಭಯಕ್ಕೆ ದಿನಾ ಐದರೊಳಗೆ ಅಂಕ ಹಾಕು ಅಂದರು. "ಐದಿಂಚಲ್ಲಿ ನನ್ನ ಕೋಪಕ್ಕೆ ಒಂದು ಜೇಬೂ ಆಗಲ್ಲ ಮೇಡಂ" ಅಂದು ಇವಳು ಇಂಚಿನಲ್ಲೇ ಬರೆಯತೊಡಗಿದಳು. ಅದೂ ಯಾರಿಗೂ ಗೊತ್ತಾಗಬಾರದು ಅಂತ ಅಂಗಡಿಯ ಅಳತೆ ಪುಸ್ತಕದ ಖಾಲಿ ಪುಟದಲ್ಲಿ. ಎದೆ ಅನ್ನುವ ಕಡೆ ಕೋಪ, ಸೊಂಟದ ಕಡೆ ಅಳು, ತೋಳಿನ ಕಡೆ ಭಯ. ಜಾಣತನ ನೋಡಿ!

ಅಂಗಡಿಯ ಯಜಮಾನರು, ಮಾಸ್ಟರು, "ಪುಸ್ತಕ ಹೇಳಿದ್ರೆ ಬಾಲಕ್ಕೂ ಜಾಗ ಬಿಟ್ಟು ಹೊಲೀತೀನಿ" ಅನ್ನುವ ಆಸಾಮಿ. ಬ್ಯಾಂಕ್ ಮ್ಯಾನೇಜರರ ಕೋಟು ಹೊಲಿಯುವಾಗ ಪುಟ ತಪ್ಪಿ, ಇವಳ ಮಂಗಳವಾರದ ಅಳತೆಗೆ ಬಟ್ಟೆ ಕತ್ತರಿಸಿಬಿಟ್ಟರು. ಮ್ಯಾನೇಜರು ಹಾಕಿ ನೋಡಿದರೆ ತೋಳು ಮೊಣಕಾಲ ಹತ್ತಿರ ಜೋತಾಡುತ್ತಿತ್ತು. ಅವರನ್ನು ಹೇಗೋ ಸಮಾಧಾನ ಮಾಡಿ ಕಳಿಸಿ, ಮಾಸ್ಟರು ಪುಸ್ತಕವನ್ನು ಇವಳ ಮುಂದೆ ಹಿಡಿದರು.

"ಏನಮ್ಮಾ ಇದು? ನಿನ್ನ ಅಕ್ಷರ ತಾನೇ?"

ಬ್ಯಾಗು ಆಗಲೇ ಹೆಗಲೇರಿತ್ತು. 'ನೀವೇನು ತೆಗೆಯೋದು, ನಾನೇ ಬಿಟ್ಟೆ' ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಬಾಗಿಲವರೆಗೂ ಹೋದಳು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಅಂತಾರಲ್ಲ, ಇವಳು ಕೊಯ್ದುಕೊಂಡದ್ದು ಒಂದೆರಡಲ್ಲ. ನಲ್ಲಿಯ ಕಡೆ ತಿರುಗಿ ಮುಖಕ್ಕೆ ನೀರೆರಚಿಕೊಂಡಳು. ಗಡಿಯಾರ ನೋಡುತ್ತಾ ನಿಂತಳು. ಹತ್ತು ನಿಮಿಷ ಅನ್ನೋದು, ಅಬ್ಬಾ, ಮುಗಿಯುವುದೇ ಇಲ್ಲ.

ಒಳಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಾಸ್ಟರು ಕನ್ನಡಕ ಏರಿಸಿಕೊಂಡು ಪುಟ ನೋಡಿದರು.

"ತೋಳು ಮೂವತ್ತೆಂಟು?"

"ಅದು ಭಯ ಮಾಸ್ಟ್ರೇ. ನೀವು ನನ್ನ ಕೆಲಸದಿಂದ ತೆಗೀತೀರಿ ಅಂತ."

"ಮಂಗಳವಾರ ನಾನೇನು ಅಂದೆ?"

"ಏನೂ ಅನ್ನಲಿಲ್ಲ. ಇಡೀ ದಿನ ಮಾತೇ ಆಡಲಿಲ್ಲ."

"ಅವತ್ತು ಹಲ್ಲುನೋವು ಕಣಮ್ಮಾ ನಂಗೆ."

ಅವರು ಕೋಟನ್ನು ಮೇಜಿನ ಮೇಲೆ ಹರಡಿ, ತೋಳಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. "ಚಿಕ್ಕದಾಗಿದ್ರೆ ಬಟ್ಟೆ ಹಾಳಾಗ್ತಿತ್ತು. ದೊಡ್ಡದಾಗಿದೆ, ಸರಿ ಮಾಡಬಹುದು. ಇಲ್ಲಿಗೆ ಕತ್ತರಿಸು. ಸೊಂಟ ನಾಳೆ ನೋಡೋಣ, ಬೇಗ ಬಾ."

ಅವಳು ಬ್ಯಾಗು ಇಳಿಸಿ ಕತ್ತರಿಸಿದಳು. ಬಿದ್ದ ಹದಿನಾಲ್ಕು ಇಂಚಿನ ತುಂಡನ್ನು ಮಡಿಸಿ ಇಟ್ಟುಕೊಂಡಳು, ಮುಂದಿನ ವಾರ ಥೆರಪಿ ಮೇಡಂಗೆ ತೋರಿಸಬೇಕಿತ್ತು.